ಪೈಪ್ ಎಳೆಯೋರ ರಕ್ತ ಕೇಳುವ ಉಡುಸಲಮ್ಮ

ಕನ್ನಡ, ತೆಲುಗು ಎರಡೂ ಬೆರೆತ ಸೀಮೆ, ಕಲ್ಯಾಣದುರ್ಗದ ಹೊರಗಿನ ದಾಳಿಂಬೆ ತೋಟ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಆಗಲೇ ಮೋಟರು ಗುಡುಗುಡು ಅನ್ನುತ್ತಿದೆ. ಗಾಳಿ ಏಳುವ ಮುಂಚೆ ಔಷಧಿ ಹೊಡೆದು ಮುಗಿಸಬೇಕು. ಗಾಳಿ ಎದ್ದರೆ ಅರ್ಧ ಔಷಧಿ ಪಕ್ಕದ ಹೊಲಕ್ಕೆ ದಾನ! ತಲೆಗೆ ಟವೆಲು ಸುತ್ತಿಕೊಂಡ ಓಬುಳೇಶ್ ಸ್ಪ್ರೇ ಗನ್ನು ಹಿಡಿದು ಸಾಲಿನುದ್ದಕ್ಕೂ ಬಿಳೀ ಮಂಜು ಎಬ್ಬಿಸುತ್ತಾ ಹೋಗುತ್ತಿದ್ದಾರೆ. ನೋಡುವವರೆಲ್ಲ ಅವರನ್ನೇ ನೋಡುತ್ತಾರೆ. ಬದುವಿನ ಮೇಲೆ ನಿಂತಿರುವ ಉಡುಸಲಮ್ಮ ಮಾತ್ರ ಆ ಕಡೆ ತಿರುಗುವುದೂ ಇಲ್ಲ. ಅವರ ಕಣ್ಣೆಲ್ಲ ಓಬುಳೇಶ್ ಹಿಂದಿನ ಉದ್ದನೆಯ ಪೈಪಿನ ಮೇಲೆ, ಆ ಪೈಪನ್ನು ಹೆಗಲಿಗೆ ಹಾಕಿಕೊಂಡು ಎಳೆಯುವ ನಾಲ್ಕು ಜನ ಹೆಂಗಸರ ಮೇಲೆ.

ಪೈಪಿಗೆ ಎಲ್ಲೆಲ್ಲಿ ಜಾಯಿಂಟು ಇದೆಯೋ ಅಲ್ಲೆಲ್ಲ ಹಳೇ ಸೀರೆ ಬಟ್ಟೆ ಬಿಗಿದಿದ್ದಾರೆ. ಬಟ್ಟೆ ನೆನೆದು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ್ದು ಹೆಗಲ ಮೇಲೆ, ಹೆಗಲಿಂದ ಬೆನ್ನಿಗೆ, ಬೆನ್ನಿಂದ ಸೀರೆ ನೆರಿಗೆಗೆ. ಕೆಸರಲ್ಲಿ ಚಪ್ಪಲಿ ಕಚ್ಚಿಕೊಳ್ಳುತ್ತದೆಂದು ನಾಲ್ವರೂ ಬರಿಗಾಲಲ್ಲಿ ಇದ್ದಾರೆ. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಾರೇನೋ ನಿಜ, ಆದರೆ ಆ ಸೆರಗೇ ಒದ್ದೆ. ಹೊಡೆಯುವವರಾದರೂ ಮಂಜನ್ನು ಮುಂದಕ್ಕೆ ತಳ್ಳಿ ನಡೆಯುತ್ತಾರೆ. ಎಳೆಯುವವರು ಹಿಂದಿನಿಂದ ಅದೇ ಮಂಜಿನೊಳಕ್ಕೆ ನಡೆದು ಬರುತ್ತಾರೆ.

ಉಡುಸಲಮ್ಮ ಬಗ್ಗಿ ಬದುವಿನ ಬುಡದಲ್ಲಿ ಬಿಸಾಡಿದ್ದ ಖಾಲಿ ಡಬ್ಬ ಎತ್ತಿಕೊಳ್ಳುತ್ತಾರೆ. ಮೂಸುವುದಿಲ್ಲ, ಮೊದಲು ಲೇಬಲ್ಲು ನೋಡುತ್ತಾರೆ. ಚೌಕ ಗುರುತು, ಕೆಳಗಿನ ಅರ್ಧ ಕಡುಗೆಂಪು. ಔಷಧಿ ಡಬ್ಬಗಳ ಮೇಲೆ ಕೆಂಪು ಅಂದರೆ ಭಾರೀ ವಿಷ, ಅದಕ್ಕಿಂತ ಕೆಳಗೆ ಹಳದಿ, ನೀಲಿ, ಹಸಿರು. ಆದರೆ ಈ ಸೀಮೆಯ ದಾಳಿಂಬೆ ತೋಟಗಳಲ್ಲಿ ಆ ಬಣ್ಣಕ್ಕೆ ಬೇರೆಯೇ ಪುರಾಣ ಹುಟ್ಟಿಕೊಂಡಿದೆ.

"ಕೆಂಪು ಗುರುತಿಂದೇ ತರಬೇಕು ಅಕ್ಕ. ಕಾಯಿಗೆ ಕೆಂಪು ಬಣ್ಣ ಅದ್ರಿಂದಲೇ ಬರೋದು. ಹಸ್ರು ಗುರುತಿಂದು ಬರೀ ಎಲೆಗೆ," ಅನ್ನುತ್ತಾರೆ ಓಬುಳೇಶ್, ಸಾಲಿನ ಕೊನೆಗೆ ಬಂದು ಗನ್ನು ಇಳಿಸಿ.

"ಯಾವ ಮಹಾನುಭಾವ ಹೇಳ್ದ ನಿಂಗೆ?"

"ಅಂದರೂ ಅಂತಾರು ಕದಕ್ಕಾ. ಎಲ್ರೂ ಹೇಳ್ತಾರೆ."

"ಎಲ್ರೂ ಹೇಳ್ಕೊಂಡೇ ಕಣ್ಲಾ ಹಾಳಾಗಿರೋದು. ಅದು ಕಾಯಿಗೆ ಹಾಕಿರೋ ಗುರುತಲ್ಲ, ನಿಂಗೆ ಹಾಕಿರೋದು. ಹುಷಾರಾಗಿರಪ್ಪ ಅಂತ."

ಅಂಗಡಿಗೆ ಹೋಗಿ ಕಾಸು ಕೊಟ್ಟು, ಬೇಕು ಬೇಕೆಂದು ಕೇಳಿ ಕೇಳಿ ಅತ್ಯಂತ ವಿಷದ ಡಬ್ಬವನ್ನೇ ಮನೆಗೆ ತರುವುದು ಅಂದರೆ ಏನನ್ನೋಣ! ಓಬುಳೇಶರನ್ನು ಬೈದು ಪ್ರಯೋಜನವಿಲ್ಲ. ಲೇಬಲ್ಲಿನ ಮೇಲೆ ಇರುವೆ ಸಾಲಿನಂಥ ಅಕ್ಷರ, ಅದನ್ನು ಓದಿ ಹೇಳುವವರು ಯಾರೂ ಈ ಬದುವಿನ ತನಕ ಬಂದಿರಲಿಲ್ಲ. ಈಗ ಒಬ್ಬರು ಬರುತ್ತಿದ್ದಾರೆ.

ಉಡುಸಲಮ್ಮನ ಕೆಲಸಕ್ಕೆ ಊರಲ್ಲಿ ಇಟ್ಟಿರುವ ಹೆಸರು 'ಡಬ್ಬ ಆಯೋಳು'. ಸ್ವಲ್ಪ ಕೋಪ ಇದ್ದವರು 'ರಕ್ತ ಹೀರೋಳು' ಅನ್ನುತ್ತಾರೆ. ನಿಜವಾದ ಕೆಲಸ ಹೀಗಿದೆ. ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿ ದೇಹದ ಯಾವ ಭಾಗಕ್ಕೆ ಏಟು ಕೊಡುತ್ತದೆ ಎಂಬ ಮಾಹಿತಿಯನ್ನು ಪ್ರಪಂಚದ ಲ್ಯಾಬುಗಳು ಗುಡ್ಡೆ ಹಾಕಿ ಇಟ್ಟಿವೆ. ಆದರೆ ಇಲ್ಲಿ, ಈ ತೋಟದಲ್ಲಿ, ಯಾರ ಮೈಮೇಲೆ ಯಾವುದು ಎಷ್ಟು ಬೀಳುತ್ತಿದೆ ಎಂಬುದು ಯಾವ ಲ್ಯಾಬಿಗೂ ಗೊತ್ತಿಲ್ಲ. ಎರಡನ್ನೂ ಸೇರಿಸಿ ಗಂಟು ಹಾಕಿದಾಗಲೇ ಈ ಜನರ ಆರೋಗ್ಯಕ್ಕೆ ಅಪಾಯ ಎಷ್ಟು ಎಂದು ಹೇಳಲು ಬರುವುದು. ಮೊದಲನೆಯದು ಕಂಪ್ಯೂಟರ್ ಮುಂದೆ ಕೂತಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಯಾರಾದರೂ ಹೊತ್ತು ಹುಟ್ಟುವ ಮುಂಚೆ ಎದ್ದು ಕೆಸರಿಗೆ ಇಳಿಯಬೇಕು.

ಕಂಪ್ಯೂಟರ್ ಮುಂದೆ ಕೂರುವವರು ಅಮೃತಾ. ಹಿಂದೂಪುರದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಯೇ ಅವರ ಪುಟ್ಟ ಸಂಶೋಧನಾ ತಂಡದ ಆಫೀಸು. ಅಲ್ಲಿ ಫ್ರಿಜ್ಜಿನ ಮೇಲೂ ರಾಗಿ ಹಿಟ್ಟಿನ ಧೂಳು. "ನಾನು ಎಷ್ಟೇ ಓದಿದ್ದರೂ ನನ್ನ ಕೈಯಲ್ಲಿರೋದು ಅರ್ಧ ಸೇತುವೆ. ಇನ್ನರ್ಧ ಉಡುಸಲಕ್ಕ ಕಟ್ಟಬೇಕು," ಅನ್ನುತ್ತಾರೆ ಅಮೃತಾ. ಇದನ್ನು ಕೇಳಿದರೆ ಉಡುಸಲಮ್ಮನಿಗೆ ನಗು. "ಸೇತ್ವೆ ಗೀತ್ವೆ ನಂಗೊತ್ತಿಲ್ಲ ಕಣಮ್ಮ. ಬಸ್ಸು ಕೈ ಕೊಡದಿದ್ರೆ ಸಾಕು."

ರೊದ್ದಂ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಉಡುಸಲಮ್ಮ ಮದುವೆಯಾಗಿ ಲೇಪಾಕ್ಷಿಗೆ ಬಂದವರು. ಗಂಡ ಈರಲಿಂಗಪ್ಪ, ರಾಜ್ಯದ ಗಡಿಯ ಕೊಡಿಕೊಂಡ ಊರಿನ ಚೆಕ್‌ಪೋಸ್ಟಿನ ಹತ್ತಿರದ ಢಾಬಾದಲ್ಲಿ ರೊಟ್ಟಿ ಬಡಿಯುತ್ತಾರೆ. ಉಡುಸಲಮ್ಮನೂ ಬಹಳ ವರ್ಷ ತೋಟಗಳಲ್ಲಿ ಪೈಪ್ ಎಳೆದವರೇ. ಒಂದು ದಿನ ಎಳೆಯುತ್ತಿದ್ದಾಗ ಕಣ್ಣು ಮಂಜಾಯಿತು, ಬಾಯಲ್ಲಿ ಜೊಲ್ಲು ಸುರಿಯಿತು, ಬಿದ್ದುಬಿಟ್ಟರು. ಈರಲಿಂಗಪ್ಪ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಯಾವ ಔಷಧಿ?

"ಬಿಳೀದು ಅಂದ್ರಂತೆ ನಮ್ ಯಜಮಾನ್ರು. ಜೋರು ವಾಸ್ನೆ ಬತ್ತದೆ ಅಂದ್ರಂತೆ. ಎಲ್ಲಾ ಔಸ್ದೀನೂ ಬಿಳೀದೇ, ಎಲ್ಲಾದಕ್ಕೂ ವಾಸ್ನೇನೇ!" ಉಡುಸಲಮ್ಮ ಈಗ ನಗುತ್ತಲೇ ಹೇಳುತ್ತಾರೆ. ಆಗ ನಗುವ ಹಾಗಿರಲಿಲ್ಲ. ಡಬ್ಬ ತರೋಣವೆಂದು ತೋಟಕ್ಕೆ ಓಡಿದರೆ ಯಾರೋ ಅದನ್ನು ಆಗಲೇ ಸುಟ್ಟಿದ್ದರು. ಜೀವ ಉಳಿಯಿತು, ತಿಂಗಳುಗಟ್ಟಲೆ ಕೈ ನಡುಗಿತು. ಕಾಗದದ ಮೇಲೆ ಬಂದದ್ದು 'ಬಿಸಿಲಿಗೆ ತಲೆಸುತ್ತು' ಎಂಬ ಮಾತು. "ಡಾಕ್ಟ್ರು ತಪ್ಪಿಲ್ಲ ಕಣಪ್ಪ. ಅವ್ರು ಸರಿಯಾಗೇ ಕೇಳಿದ್ರು. ನಮ್ತಾವ ಜವಾಬಿರ್ಲಿಲ್ಲ. ಆವತ್ತಿಂದ ಡಬ್ಬ ಕಂಡ್ರೆ ಬಿಡಲ್ಲ ನಾನು."

ಅಮೃತಾ ಅವರ ತಂಡ ಹಳ್ಳಿ ತಿರುಗುವವರನ್ನು ಹುಡುಕುತ್ತಿದ್ದಾಗ, ಗೋಣಿಚೀಲದ ತುಂಬ ಖಾಲಿ ಡಬ್ಬ ಹೊತ್ತು ಆ ಹಿಟ್ಟಿನ ಗಿರಣಿಯ ಮೆಟ್ಟಿಲು ಹತ್ತಿದವರು ಉಡುಸಲಮ್ಮ. ಬೆರಳ ತುದಿಯಿಂದ ರಕ್ತ ತೆಗೆಯುವುದನ್ನು ಅಲ್ಲೇ ಕಲಿತರು. ನರಗಳನ್ನು ಹತೋಟಿಯಲ್ಲಿಡುವ ಒಂದು ಅಂಶ ರಕ್ತದಲ್ಲಿರುತ್ತದೆ. ಕೆಲವು ಔಷಧಿಗಳು ಮೈಗೆ ಇಳಿದರೆ ಅದು ಕುಗ್ಗುತ್ತದೆ. ಆದರೆ ಒಬ್ಬೊಬ್ಬರಲ್ಲಿ ಅದರ ಮಟ್ಟ ಒಂದೊಂದು. ಹಾಗಾಗಿ ಹೊಡೆಯುವ ಕಾಲ ಶುರುವಾಗುವ ಮುಂಚೆ ಒಂದು ಸಲ, ಹೊಡೆಯುವ ಕಾಲದಲ್ಲಿ ಇನ್ನೊಂದು ಸಲ, ಅದೇ ಮನುಷ್ಯರ ರಕ್ತ ಸಿಗಬೇಕು. ಒಂದು ಸಲದ್ದು ಮಾತ್ರ ಇದ್ದರೆ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗೆ.

ಇಷ್ಟೆಲ್ಲ ಕಲಿತರೂ ಹೋದ ವರ್ಷ ಅವರು ಮುಗ್ಗರಿಸಿದರು. ಮುಗ್ಗರಿಸಿದ ರೀತಿ ಕೇಳಿದರೆ ಅಯ್ಯೋ ಅನ್ನಿಸುತ್ತದೆ.

ಈ ತೋಟಗಳಲ್ಲಿ ಒಂದು ಕಟ್ಟು ಇದೆ. ಹೆಂಗಸರು ಔಷಧಿ ಡ್ರಮ್ಮನ್ನು ಮುಟ್ಟಕೂಡದು. ಮುಟ್ಟಿದರೆ ಔಷಧಿಯ ಶಕ್ತಿ ಇಳಿಯುತ್ತದಂತೆ, ಹೂವು ಉದುರುತ್ತದಂತೆ. ಕಲಸುವುದು, ಹೊಡೆಯುವುದು ಗಂಡಸರು. ಪೈಪ್ ಎಳೆಯುವುದು ಔಷಧಿ ಕೆಲಸದ ಲೆಕ್ಕಕ್ಕೇ ಇಲ್ಲ, ಅದು ಕಳೆ ಕೀಳುವ ಹಾಗೆ ಇನ್ನೊಂದು ಕೂಲಿ. ಉಡುಸಲಮ್ಮ ಮನೆಮನೆಗೆ ಹೋಗಿ 'ಔಷಧಿ ಕೆಲಸ ಮಾಡ್ತೀರಾ' ಎಂದು ಕೇಳಿದಾಗ ಹೆಂಗಸರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು. ಶಿವಶಿವಾ, ನಾವು ಮಂದು, ಔಸ್ದಿ ಮುಟ್ಟಲ್ಲಮ್ಮ! ಉಡುಸಲಮ್ಮ ಎಲ್ಲರ ಹೆಸರಿನ ಮುಂದೆ 'ಇಲ್ಲ' ಎಂದು ಗುರುತು ಹಾಕಿಕೊಂಡು ಬಂದರು.

"ನಾನೂ ಎಳ್ದೋಳೇ ಅಲ್ವಾ? ಬಿದ್ದೋಳೂ ನಾನೇ. ಆದ್ರೂ ನನ್ನನ್ನ ಯಾರಾದ್ರೂ ಕೇಳಿದ್ರೆ, ಮುಟ್ಟಲ್ಲ ಅಂತ್ಲೇ ಹೇಳ್ತಿದ್ದೆ. ಹಂಗೆ ತಲೇಗೆ ತುಂಬ್ಬುಟ್ಟವ್ರೆ," ಅನ್ನುತ್ತಾರೆ. ಪ್ರಶ್ನೆ ಬರೆದ ಅಮೃತಾ ಅವರಿಗೂ ಅನುಮಾನ ಬರಲಿಲ್ಲ, ಕೇಳಿದ ಉಡುಸಲಮ್ಮನಿಗೂ ಬರಲಿಲ್ಲ.

ಏಟು ಬಿದ್ದದ್ದು ಫಲಿತಾಂಶವನ್ನು ಬೆಳೆಗಾರರ ಮುಂದಿಟ್ಟ ಹಿಂದೂಪುರದ ಸಭೆಯಲ್ಲಿ. ಔಷಧಿ ಮುಟ್ಟದವರೆಂದು ಹೋಲಿಕೆಗಾಗಿ ತೆಗೆದಿದ್ದ ಹೆಂಗಸರ ರಕ್ತದಲ್ಲೂ ಆ ಅಂಶ ಗಂಡಸರಷ್ಟೇ ಇಳಿದಿತ್ತು, ಕೆಲವರಲ್ಲಿ ಇನ್ನೂ ಹೆಚ್ಚು. ಬೆಳೆಗಾರರ ಕಡೆಯ ಶಂಕರಯ್ಯ ಎಂಬುವವರು ಎದ್ದು ನಿಂತು ಕೇಳಿದರು: "ಔಷಧಿ ಮುಟ್ಟದೇ ಇರೋ ಹೆಂಗಸರದ್ದೂ ಇಳಿದಿದೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ಇದು ಔಷಧಿಯಿಂದ ಅಂತ ಹೆಂಗೆ ಹೇಳ್ತೀರಿ? ಸರಿಯಾಗಿ ಉಣ್ಣಲ್ಲ, ಅದಕ್ಕೆ!" ಸಭೆ ನಕ್ಕಿತು. ಅಮೃತಾ ಕಾಗದ ಮಡಚಿಕೊಂಡು ಕೆಳಗಿಳಿದರು. ಹಿಂದಿನ ಸಾಲಲ್ಲಿ ಕೂತಿದ್ದ ಉಡುಸಲಮ್ಮನ ಕಿವಿ ಕಾದವು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಉಡುಸಲಮ್ಮ ಅಮೃತಾ ಅವರ ಕೈ ಹಿಡಿದು ಎಳೆದು ನಿಲ್ಲಿಸಿದರು. "ಅಮೃತಮ್ಮ, ನಾಳೆ ನನ್ ಜೊತೆ ಬಾ. ಪೈಪ್ ಎಳೆಯೋದು ನೋಡು. ನಾವಿಬ್ರೂ ಸೇರಿ ದಡ್ಡತನ ಮಾಡಿದೀವಿ."

ಅಮೃತಾ ಬಂದರು, ನೋಡಿದರು, ಅರ್ಧ ಸಾಲು ಎಳೆದೂ ಎಳೆದರು. ಅವರ ಕುರ್ತಾದ ಬೆನ್ನು ಪೂರಾ ಒದ್ದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಬೇಕು ಸ್ವಾಮಿ, ಅಂಗೈ ಕೂಲಿಯವಳದ್ದಾದರೆ ಸಭೆಗಳಿಗೆ ಕನ್ನಡಿಯೇ ಬೇಕು! ಈ ವರ್ಷ ಆ ಕನ್ನಡಿ ತಯಾರಾಗುತ್ತಿದೆ. ಗಿಡಗಳಿಗೆ ಕತ್ತರಿ ಹಾಕುವ ಹೊತ್ತಿಗೆ, ಹೊಡೆಯುವ ಕಾಲ ಶುರುವಾಗುವ ಮುಂಚೆಯೇ, ಮೊದಲ ರಕ್ತ ಆಗಿದೆ. ಈ ಬೆಳಗ್ಗೆ ನಾಲ್ಕೂ ಹೆಂಗಸರ ರವಿಕೆಯ ಹೆಗಲಿಗೆ, ಓಬುಳೇಶ್ ಅಂಗಿಗೆ, ಬಿಳೀ ಹತ್ತಿ ಬಟ್ಟೆಯ ತುಂಡು ಪಿನ್ನು ಮಾಡಿದ್ದಾರೆ ಉಡುಸಲಮ್ಮ. ಮೈಮೇಲೆ ಎಷ್ಟು ಬಿತ್ತು ಎಂದು ಆ ಬಟ್ಟೆ ಹೇಳುತ್ತದೆ, ಏನು ಬಿತ್ತು ಎಂದು ಡಬ್ಬ ಹೇಳುತ್ತದೆ, ಒಳಗೆ ಏನಾಯಿತು ಎಂದು ರಕ್ತ ಹೇಳುತ್ತದೆ. ಉಳಿದಿರುವುದು ಎರಡನೇ ರಕ್ತ ಒಂದೇ. ಇವತ್ತು ಅದು ಸಿಗದಿದ್ದರೆ ಇಷ್ಟು ತಿಂಗಳ ಓಡಾಟ ಮಣ್ಣುಪಾಲು, ಶಂಕರಯ್ಯನವರ ಮಾತೇ ಕಡೇ ಮಾತು.

ಅದೇ ಹೊತ್ತಿಗೆ ತೋಟದ ಯಜಮಾನರು ಜಯರಾಮಪ್ಪ ಬೈಕಿನಲ್ಲಿ ಬಂದು ಇಳಿಯುತ್ತಾರೆ. ಕೆಟ್ಟ ಮನುಷ್ಯರೇನಲ್ಲ. ಕೂಲಿಯವರ ಮನೆ ಮದುವೆಗೆ ಕೇಳದೆಯೇ ಟ್ರ್ಯಾಕ್ಟರ್ ಕಳಿಸುವವರು. ಆದರೆ ಇವತ್ತು ಮುಖ ಗಂಟು.

"ಮೊದಲ್ನೇ ಸಲ ಏನೋ ಶುಗರ್ ಟೆಸ್ಟು ಅನ್ಕೊಂಡು ಸುಮ್ನಿದ್ದೆ ಕಣಮ್ಮ. ಇದು ಬೇರೆ ಅಂತ ಈಗ ಗೊತ್ತಾಯ್ತು. ಫಾರಿನ್ನಿಗೆ ಹೋಗೋ ಹಣ್ಣು ಇದು. ರಕ್ತ, ವಿಷ ಅಂತ ಸುದ್ದಿಯಾದ್ರೆ ಲಾರಿ ಕೊಡಿಕೊಂಡ ಚೆಕ್‌ಪೋಸ್ಟೂ ದಾಟಲ್ಲ. ನಡಿ ಆಚೆಗೆ."

"ನಿಮ್ ತೋಟದ ಹೆಸ್ರು ಎಲ್ಲೂ ಬರಲ್ಲಣ್ಣ. ಬರೆಯೋದು ಮನುಷ್ಯರದ್ದು ಮಾತ್ರ."

"ಏಮೀ ವದ್ದು! ಏನೂ ಬ್ಯಾಡ!" ಜಯರಾಮಪ್ಪ ಹೆಂಗಸರ ಕಡೆ ತಿರುಗಿ ದನಿ ಏರಿಸುತ್ತಾರೆ. "ಯಾರು ರಕ್ತ ಕೊಡ್ತೀರೋ ಅವ್ರು ನಾಳೆಯಿಂದ ಕೆಲಸಕ್ಕೆ ಬರೋದು ಬ್ಯಾಡ. ಅಷ್ಟೇ."

ಪೈಪ್ ಎಳೆಯುತ್ತಿದ್ದವರು ನಿಂತುಬಿಡುತ್ತಾರೆ. ಉಡುಸಲಮ್ಮ ರಕ್ತದ ಹನಿ ಇಡಲು ತಂದ ಐಸ್ ಡಬ್ಬಿ ಕಂಕುಳಿಗೆ ಇರುಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯನ್ನು ತಲೆ ಮೇಲೆ ಇಟ್ಟುಕೊಂಡು ಹೊರಡುತ್ತಾರೆ. ಸೋತು ಹೊರಟರು ಅಂದುಕೊಂಡರೆ ತಪ್ಪು. ಗೇಟು ದಾಟಿ, ಬಂಡಿ ದಾರಿಯ ಆಚೆಗಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

"ಇಲ್ಯಾಕೆ ಕೂತೆ?" ಗೇಟಿನೊಳಗಿಂದಲೇ ಕೂಗುತ್ತಾರೆ ಜಯರಾಮಪ್ಪ.

"ದಾರಿ ಪಂಚಾಯ್ತೀದು. ಮರ ದೇವ್ರುದು. ಕುರ್ಚಿ ನಂದು. ಇದ್ರಾಗೆ ನಿಮ್ದು ಯಾವ್ದಣ್ಣ?"

ಜಯರಾಮಪ್ಪ ಗೇಟು ಎಳೆದುಕೊಂಡು ತೋಟದೊಳಕ್ಕೆ ತಿರುಗುತ್ತಾರೆ. ಮೋಟರು ಮತ್ತೆ ಶುರುವಾಗುತ್ತದೆ.

ಮರದ ಕೆಳಗೆ ಕಾಯುವುದು ಉಡುಸಲಮ್ಮನಿಗೆ ಹೊಸದಲ್ಲ. ಹಿಂದಿನ ದಿನವೇ ಹಿಂದೂಪುರದಿಂದ ಹೊರಟು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ಕಲ್ಯಾಣದುರ್ಗದಲ್ಲಿ ಗೆಳತಿ ಪೋಲಮ್ಮನ ಮನೆ ಜಗಲಿಯಲ್ಲಿ ಮಲಗಿ ಬಂದಿದ್ದಾರೆ. ಎಷ್ಟೋ ಊರಲ್ಲಿ ನಾಯಿ ಛೂ ಬಿಟ್ಟಿದ್ದಾರೆ. ಇವಳು ರಕ್ತ ಮಾರಿ ಮನೆ ಕಟ್ಟಿದ್ದಾಳೆ ಎಂದವರೂ ಇದ್ದಾರೆ. "ನಮ್ಮನೆ ನೋಡೋಕೆ ಬನ್ನಿ ಅಂತ ಕರೆದೆ. ಸೋರೋ ಸೂರು ನೋಡಿ ಅವ್ರೇ ಕಾಫಿ ಕುಡಿಸಿ ಕಳಿಸಿದ್ರು," ಎಂದು ಕುಲುಕುಲು ನಗುತ್ತಾರೆ. ಆದರೆ ಕಣ್ಣು ಗೇಟಿನಿಂದ ಕದಲುವುದಿಲ್ಲ. ಅವರಿಗೆ ಒಳಗೊಳಗೇ ಭಯವಿದೆ. ಕೂಲಿ ಕಳೆದುಕೊಳ್ಳಿ ಎಂದು ಯಾವ ಬಾಯಲ್ಲಿ ಕೇಳುವುದು? "ಬರ್ದೇ ಇದ್ರೆ ನಾನು ಬೈಯಲ್ಲ ಕಣಪ್ಪ. ಅವ್ರ ಹೊಟ್ಟೆ ಅವ್ರು ನೋಡ್ಕೋಬೇಕು. ಆದ್ರೆ ನಾನೇ ಎದ್ದೋಗಲ್ಲ. ಐಸು ಕರಗೋಗಂಟ ಕೂತ್ಕೋತೀನಿ."

ಬಿಸಿಲು ಏರುತ್ತದೆ. ಮೋಟರು ನಿಲ್ಲುತ್ತದೆ. ಊಟದ ಹೊತ್ತು. ಗೇಟಿನ ಹತ್ತಿರ ಜಯರಾಮಪ್ಪ ಕೈಕಟ್ಟಿ ನಿಂತಿದ್ದಾರೆ. ಒಳಗಿನಿಂದ ಮೊದಲು ಕಾಣಿಸುವುದು ಪೆದ್ದಕ್ಕ, ಪೈಪ್ ಎಳೆಯುವವರಲ್ಲಿ ಎಲ್ಲರಿಗಿಂತ ಹಿರಿಯರು. ಬುತ್ತಿ ಗಂಟು ಬಿಟ್ಟು ಬರಿಗೈಯಲ್ಲಿ ನೇರ ಗೇಟಿಗೇ ಬರುತ್ತಾರೆ.

"ಎಲ್ಲಿಗೆ ಪೆದ್ದಕ್ಕ?"

"ರಕ್ತ ಕೊಡೋಕೆ."

"ಬೆಳಿಗ್ಗೆ ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತಪ್ಪ. ನಿನ್ನ ಸೊಂಟದ ಮ್ಯಾಲೆ ಎತ್ಕೊಂಡು ಆಡ್ಸಿರೋಳು ನಾನು, ನಿನ್ನ ದನಿ ಕೇಳ್ಸಲ್ವಾ?" ಪೆದ್ದಕ್ಕ ಸೆರಗನ್ನು ಹಿಂಡುತ್ತಾ ಹೇಳುತ್ತಾರೆ. ಹಿಂಡಿದ ನೀರು ಗೇಟಿನ ಬುಡಕ್ಕೆ ಬೀಳುತ್ತದೆ. "ಒಂದ್ಮಾತು ಹೇಳು ಜಯರಾಮಪ್ಪ. ಹೆಂಗಸ್ರು ಮಂದು ಮುಟ್ಟಲ್ಲ ಅಂತ ಹೇಳೋನು ನೀನೇ ಅಲ್ವಾ?"

"ಹೂಂ. ಮುಟ್ಟಲ್ವಲ್ಲ ಮತ್ತೆ?"

"ಮುಟ್ದೇ ಇದ್ದೋರ ರಕ್ತದಾಗೆ ಏನು ಸಿಗ್ತದೆ? ಏನೂ ಸಿಗಲ್ಲ. ಮತ್ತೆ ನಿಂಗ್ಯಾಕಪ್ಪ ಭಯ?"

ಮುಟ್ಟುತ್ತಾರೆ ಅಂದರೆ ತೋಟದ ಕಟ್ಟು ಸುಳ್ಳು. ಮುಟ್ಟುವುದಿಲ್ಲ ಅಂದರೆ ತಡೆಯುವುದಕ್ಕೆ ಕಾರಣವೇ ಇಲ್ಲ. ಅವರ ಕಣ್ಣು ಗೇಟಿನ ಬುಡದಲ್ಲಿ ಹಿಂಡಿದ ನೀರಿನ ಮೇಲೆ ನಿಲ್ಲುತ್ತದೆ. ಅದರ ವಾಸನೆ ಅವರ ಮೂಗಿಗೂ ಬಡಿದಿರಬೇಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. "ಬೇಗ ಮುಗಿಸಿ ಬನ್ನಿ. ಇನ್ನೂ ಎರಡು ಸಾಲು ಐತೆ," ಎಂದು ಗೊಣಗಿಕೊಂಡು ಬೈಕಿನ ಕಡೆ ನಡೆಯುತ್ತಾರೆ. ನಾಳೆ ಬರಬೇಡಿ ಎಂಬ ಮಾತನ್ನು ಅವರು ವಾಪಸು ತೆಗೆದುಕೊಂಡರೋ ಇಲ್ಲವೋ, ಪೆದ್ದಕ್ಕನೂ ಕೇಳುವುದಿಲ್ಲ.

ಉಡುಸಲಮ್ಮ ಕುರ್ಚಿಯಿಂದ ಎದ್ದಿರುತ್ತಾರೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ಮೊದ್ಲು ಸೋಪು ಹಾಕಿ ತೊಳಿಯೇ ಮುದುಕಿ! ಬೆರಳ ಮ್ಯಾಲಿನ ಔಸ್ದಿ ಹನಿಗೆ ಸೇರ್ಕೊಂಡ್ರೆ ಎಲ್ಲಾ ಸುಳ್ಳಾಗ್ತದೆ. ಉಗುರು ಸಂದೀನೂ ತಿಕ್ಕು!" ಪೆದ್ದಕ್ಕ ತಿಕ್ಕುತ್ತಾರೆ. ಸೂಜಿ ಚುಚ್ಚಿದಾಗ ಮುಖ ಸಿಂಡರಿಸುವುದೂ ಇಲ್ಲ. ಹಿಂದೆಯೇ ಇನ್ನಿಬ್ಬರು ಬರುತ್ತಾರೆ. ನಾಲ್ಕನೆಯವರು ಮಲ್ಲೇಶ್ವರಿ, ಎಲ್ಲರಿಗಿಂತ ಚಿಕ್ಕವರು, ಗೇಟಿನ ತನಕ ಬಂದು ನಿಂತು ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಉಡುಸಲಮ್ಮ ಅವರನ್ನು ಕೂಗಿ ಕರೆಯುವುದಿಲ್ಲ. ಹೋಗಲಿ ಬಿಡು ಎಂಬಂತೆ ಕೈ ಮಾತ್ರ ಎತ್ತುತ್ತಾರೆ. ಕೊನೆಗೆ ಓಬುಳೇಶ್ ಬಂದು ಬೆರಳು ಚಾಚುತ್ತಾರೆ. "ಕೆಂಪು ಗುರುತಿಂದು ನನ್ ರಕ್ತಾನೂ ಕೆಂಪು ಮಾಡೈತಾ ನೋಡಕ್ಕ," ಎಂದು ನಗಲು ನೋಡುತ್ತಾರೆ. ಯಾರಿಗೂ ನಗು ಬರುವುದಿಲ್ಲ.

ಹೋದ ವರ್ಷದ 'ಔಷಧಿ ಕೆಲಸ ಮಾಡ್ತೀರಾ' ಎಂಬ ಪ್ರಶ್ನೆಯ ಜಾಗದಲ್ಲಿ ಈ ವರ್ಷದ ಫಾರಮ್ಮಿನಲ್ಲಿ ಬರೀ 'ಕೆಲಸ' ಎಂದಿದೆ. ಪೆದ್ದಕ್ಕನ ಹೆಸರಿನ ಮುಂದೆ ಉಡುಸಲಮ್ಮ ನಿಧಾನವಾಗಿ ಎರಡು ಪದ ಒತ್ತಿ ಬರೆಯುತ್ತಾರೆ. ಬರೆದದ್ದನ್ನು ಓದಿ ಹೇಳು ಎಂದು ಪೆದ್ದಕ್ಕ ಕೇಳುತ್ತಾರೆ, ಕೇಳಿಸಿಕೊಂಡು ತಲೆ ಆಡಿಸುತ್ತಾರೆ. ಇಷ್ಟು ವರ್ಷದ ಕೂಲಿಗೆ ಆ ಹೆಸರು ಬಂದದ್ದು ಇವತ್ತೇ ಮೊದಲು.

ಮುಂದಿನ ಸಭೆಯಲ್ಲಿ ಏನು ಆಸೆ ಎಂದು ಕೇಳಿದರೆ ಉಡುಸಲಮ್ಮ ಯೋಚಿಸುವುದೇ ಇಲ್ಲ. "ಶಂಕರಯ್ಯನೋರು ಮತ್ತೆ ಎದ್ದು ಕೇಳ್ಬೇಕು. ಈ ಸಲ ಜವಾಬು ನಮ್ತಾವ ಐತೆ. ಹಿಂದಿನ ಸಾಲಾಗೆ ಕೂರಲ್ಲ ನಾನು, ಹೇಳ್ಬುಟ್ಟಿದೀನಿ ಅಮೃತಮ್ಮಂಗೆ."

ಕಲ್ಯಾಣದುರ್ಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿನ ಮೇಲೆ ಐಸ್ ಡಬ್ಬಿ ಇಟ್ಟು, ತಾವು ಅದರ ಪಕ್ಕ ಕೂರುತ್ತಾರೆ. ಬಸ್ಸು ತುಂಬಿದೆ. ಕಂಡಕ್ಟರ್ ಬಂದು ಡಬ್ಬಿ ಇಳಿಸಿ ಕಾಲಡಿ ಇಟ್ಟುಕೊಳ್ಳಿ ಅನ್ನುತ್ತಾರೆ.

"ಇದು ಕಾಲಡಿ ಹೋಗಲ್ಲ ಕಣಪ್ಪ. ಇದ್ರಾಗೆ ಮನುಷ್ಯರವ್ರೆ."

"ಮನುಷ್ಯರಾದ್ರೆ ಟಿಕೆಟ್ ತಗೋ!"

"ಮೂರು ಜನ ಹೆಂಗಸ್ರು. ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ? ಒಬ್ಬ ಗಂಡಸವ್ನೆ, ಬೇಕಾದ್ರೆ ಅವ್ನಿಗೆ ಒಂದು ಹರಿ."

ಅಕ್ಕಪಕ್ಕದವರು ಗೊಳ್ಳೆಂದು ನಗುತ್ತಾರೆ. ಕಂಡಕ್ಟರಿಗೂ ನಗು. ಡಬ್ಬಿಯನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೆಜ್ಜೆ ಇಡುತ್ತಾ, ತಮಾಷೆಗೇ, ತಿರುಗಿ ಕೇಳುತ್ತಾರೆ.

"ಏಂ ಪನಿ ಚೇಸ್ತಾರಮ್ಮಾ ಮೀ ಆಡೋಳ್ಳು? ಏನ್ ಕೆಲಸ ಮಾಡ್ತಾರೆ ನಿಮ್ ಹೆಂಗಸ್ರು?"

ಉಡುಸಲಮ್ಮ ನಗುವುದಿಲ್ಲ. ಡಬ್ಬಿಯ ಮೇಲೆ ಅಂಗೈ ಊರಿ, ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳುತ್ತಾರೆ.

"ಔಸ್ದಿ ಕೆಲಸ."